ನೆಲದ ಖಾತೆ

ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಬಳಗದ ಕಾರ್ಯದರ್ಶಿಗಳು ಮೂರು ವಾರದಿಂದ ಬೆನ್ನು ಹತ್ತಿದ್ದಾರೆ. ಕವಿತೆ ನನ್ನ ಕೈಲಾಗದು. ಪ್ರೇಮದ ಅನುಭವ ಇಲ್ಲ. ಪ್ರವಾಸ ಎಂದರೆ ಇಂಡಿಯಿಂದ ಪುಣೆಗೆ ಬಂದದ್ದು ಒಂದೇ. (ಊರು ಇಂಡಿ ಅಂದರೆ ಇಲ್ಲಿಯ ಗೆಳೆಯರು, "ನಾವೂ ಇಂಡಿಯಾದವರೇ" ಎಂದು ನಗುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ ಹಾಗೊಂದು ಊರಿದೆ ಎಂದು ನಕಾಶೆ ತೋರಿಸಿ ನಂಬಿಸಬೇಕು.) "ಹಾಗಾದರೆ ನಿನಗೆ ಗೊತ್ತಿರೋದನ್ನೇ ಬರಿ" ಎಂದರು. ನನಗೆ ಗೊತ್ತಿರುವುದು ಎರಡೇ ಸಂಗತಿ. ಒಂದು, ಕಾಲೇಜಿನ ಅಕೌಂಟೆನ್ಸಿ, ಅದೂ ಅರ್ಧಂಬರ್ಧ. ಇನ್ನೊಂದು, ಸಂಜೆ ಐದರಿಂದ ಒಂಬತ್ತರವರೆಗೆ ನಾನು ಕೂತು ಲೆಕ್ಕ ಬರೆಯುವ ನಮ್ಮ ಮಾಮಾನ ಗ್ಯಾರೇಜು. ಆದ್ದರಿಂದ ಗ್ಯಾರೇಜಿನ ನೆಲದ ಬಗ್ಗೆ ಬರೆಯುತ್ತಿದ್ದೇನೆ. ನಗುವವರು ನಗಲಿ.

ಭೋಸರಿಯಲ್ಲಿ ಮಾಮಾನದು ಚಿಕ್ಕ ಗ್ಯಾರೇಜು. ಒಳಗೆ ಮೂರು ಕಾರು ನಿಲ್ಲುತ್ತವೆ, ನಾಲ್ಕನೆಯದು ಬಂದರೆ ರಸ್ತೆಯ ಮೇಲೆ. ಕಾರನ್ನು ಆಳೆತ್ತರಕ್ಕೆ ಎತ್ತುವ ದೊಡ್ಡ ಲಿಫ್ಟು ಇಲ್ಲ. ಇರುವುದು ಎರಡು ಟ್ರಾಲಿ ಜ್ಯಾಕು, ಮತ್ತು ಜ್ಯಾಕಿನಿಂದ ಎತ್ತಿದ ಮೇಲೆ ಕಾರಿನ ಕೆಳಗೆ ಆಸರೆ ಕೊಡುವ ಆರು ಕಬ್ಬಿಣದ ಸ್ಟ್ಯಾಂಡು. ಈ ಸ್ಟ್ಯಾಂಡಿಗೆ ನಮ್ಮಲ್ಲಿ ಘೋಡಿ ಅನ್ನುತ್ತಾರೆ. ಮುಂದೆ ಘೋಡಿ ಅಂದರೆ ಓಡುವುದಲ್ಲ, ನಿಲ್ಲುವುದು ಎಂದು ಓದುಗರು ತಿಳಿಯಬೇಕು. ಕೆಲಸಕ್ಕೆ ಇಬ್ಬರು. ಅಕ್ಕಲಕೋಟೆ ಕಡೆಯ ಮಿಸ್ತ್ರಿ ಕಾಕಾ, ಮೂವತ್ತು ವರ್ಷ ಕಾರಿನ ಹೊಟ್ಟೆಯನ್ನೇ ನೋಡಿಕೊಂಡು ಬಂದವರು. ಇನ್ನೊಬ್ಬ ಜತ್ತಿನ ಹುಡುಗ. ನನಗಿಂತ ಒಂದು ವರ್ಷ ಚಿಕ್ಕವನು. ಜತ್ತ ಮಹಾರಾಷ್ಟ್ರದಲ್ಲಿದ್ದರೂ ಅವನ ಮನೆಮಾತು ಕನ್ನಡ. ಹೀಗಾಗಿ ನಮ್ಮ ಗ್ಯಾರೇಜಿನಲ್ಲಿ ಗಿರಾಕಿಗೆ ಮರಾಠಿ, ಸ್ಪೇರ್ ಪಾರ್ಟಿನವರಿಗೆ ಹಿಂದಿ, ಬೈಗುಳಕ್ಕೆ ಕನ್ನಡ.

ಮೊದಲು ನೆಲ ಹೇಗಿತ್ತೆಂದರೆ, ಬಾಗಿಲ ಬಳಿ ಶಹಾಬಾದ್ ಫರ್ಸಿ (ನಮ್ಮ ಕಲಬುರಗಿ ಸೀಮೆಯ ಕಲ್ಲು, ನನಗಿಂತ ಎಷ್ಟೋ ಮೊದಲೇ ಪುಣೆಗೆ ಬಂದು ನೆಲೆಸಿದ್ದು), ಒಳಗೆಲ್ಲ ಸಿಮೆಂಟಿನ ಕೋಬಾ. ಆ ಕೋಬಾ ವರ್ಷಾನುಗಟ್ಟಲೆ ಎಣ್ಣೆ ಕುಡಿದು ಕರಿ ಹಂಚಿನಂತಾಗಿತ್ತು. ಗುಡಿಸಿದಷ್ಟೂ ಧೂಳು. ಕೆಳಗೆ ಬಿದ್ದ ಸ್ಕ್ರೂ ಹುಡುಕಬೇಕಾದರೆ ನಡು ಬಗ್ಗಿಸಿ ಅರ್ಧ ತಾಸು. ಇತ್ತೀಚಿನ ಗಿರಾಕಿಗಳಿಗೆ ನೆಲ ಹೊಳೆಯಬೇಕು, ಹೊಳೆದರೆ ಕೆಲಸವೂ ಚಲೋ ಎಂಬ ನಂಬಿಕೆ. ಹಾಗಾಗಿ ಹೋದ ವರ್ಷ ಬೇಸಿಗೆಯಲ್ಲಿ ಮಾಮಾ ಎಪಾಕ್ಸಿ ಹಚ್ಚಿಸಲು ಮನಸ್ಸು ಮಾಡಿದ.

ಎಪಾಕ್ಸಿ ಅಂದರೆ ಗೊತ್ತಲ್ಲ, ಮುರಿದ ಕಪ್ಪು ಬಸಿ ಹಚ್ಚುವ ಅರಾಲ್ಡೈಟಿನ ಜಾತಿ. ಎರಡು ಡಬ್ಬಿ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಬೇರೆ ಬೇರೆ ಇದ್ದಾಗ ಎರಡೂ ಸೌಮ್ಯ. ಕೂಡಿಸಿದರೆ ಬಿಸಿಯೇರುತ್ತದೆ, ಬೇಗ ಹಚ್ಚಿ ಮುಗಿಸದಿದ್ದರೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಮಾಮಾ ಇದನ್ನು ಸಂಸಾರಕ್ಕೆ ಹೋಲಿಸಿದ. ಮಾಮಿ ಒಳಗಿನಿಂದ ಕೇಳಿಸಿಕೊಂಡಿದ್ದಳು, ಆ ಮಾತು ಇಲ್ಲಿಗೆ ಬಿಡೋಣ.

ಹಚ್ಚುವ ಮುಂಚಿನ ಕೆಲಸವೇ ದೊಡ್ಡದು. ಎಣ್ಣೆ ಕುಡಿದ ಸಿಮೆಂಟಿಗೆ ಅದು ಅಂಟುವುದಿಲ್ಲ. ಮೊದಲು ಸಾಬೂನಿನಂಥ ನೀರು ಹಾಕಿ ತಿಕ್ಕಿದರು, ಆಮೇಲೆ ಎರಡು ದಿನ ಮಷೀನು ಇಟ್ಟು ಮೇಲ್ಪದರು ಕೆರೆದರು. ಒಂದು ರಾತ್ರಿ ಪ್ಲ್ಯಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಪಟ್ಟಿ ಅಂಟಿಸಿ ನೆಲಕ್ಕೆ ಹಚ್ಚಿಟ್ಟರು. ಮರುದಿನ ಹಾಳೆಯ ಕೆಳಗೆ ನೀರಹನಿ ಕಂಡರೆ ನೆಲದಲ್ಲಿ ತೇವ ಉಂಟು, ಬಣ್ಣ ಹಚ್ಚಬಾರದು ಎಂದು ಲೆಕ್ಕ. ಹನಿ ಇರಲಿಲ್ಲ. ಹಚ್ಚಿದ ಮರುದಿನವೇ ಬರಿಗಾಲಲ್ಲಿ ಓಡಾಡಬಹುದಾಗಿತ್ತು, ಆದರೆ ಕಾರು ತರಲು ಏಳು ದಿನ ಕಾಯಬೇಕೆಂದರು. ಏಳು ದಿನದ ಗಳಿಕೆ ಹೋಯಿತೆಂದು ಮಾಮಾ ದಿನಾ ಕ್ಯಾಲೆಂಡರ್ ಮುಂದೆ ನಿಂತು ಉಸಿರು ಬಿಡುತ್ತಿದ್ದ.

600 ಚದರಡಿ, ಅಡಿಗೆ 55 ರೂಪಾಯಿ, ಅಂದರೆ 33,000. ಅದಕ್ಕೆ ಶೇಕಡಾ 18ರಂತೆ ತೆರಿಗೆ 5,940. ಒಟ್ಟು 38,940 ರೂಪಾಯಿ. ಈ ಬಿಲ್ಲು ಕೈಗೆ ಬಂದ ದಿನ ನನಗಾದ ಸಂತೋಷ ಹೇಳತೀರದು. ಆ ವಾರವೇ ಕ್ಲಾಸಿನಲ್ಲಿ ಕ್ಯಾಪಿಟಲ್ ವೆಚ್ಚ, ರೆವಿನ್ಯೂ ವೆಚ್ಚ ಎಂಬ ಪಾಠ ನಡೆದಿತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಡಿಪ್ರಿಸಿಯೇಶನ್ ಎಂಬ ಶಬ್ದ ಮೊದಲ ವರ್ಷವಿಡೀ ಭೂತದಂತೆ ಕಾಡಿತ್ತು. ಅದು ನಮ್ಮ ಸವಕಳಿಯೇ ಎಂದು ತಿಳಿದಾಗ ಜಾತ್ರೆಯಲ್ಲಿ ಊರವರು ಸಿಕ್ಕ ಹಾಗಾಗಿತ್ತು. ಈಗ ಕೈಗೊಂದು ನಿಜವಾದ ಆಸ್ತಿ ಸಿಕ್ಕಿತ್ತು! ಐದು ವರ್ಷ ಬಾಳಿಕೆ ಎಂದು ಹಿಡಿದೆ. ವರ್ಷಕ್ಕೆ 7,788. ದಿನಕ್ಕೆ 21 ರೂಪಾಯಿ 34 ಪೈಸೆ. ಅಂದಿನಿಂದ ನೆಲದ ಮೇಲೆ ಕಾಲಿಡುವಾಗ ನನಗೆ ಪೈಸೆ ಕಾಣುತ್ತಿದ್ದವು.

ಹದಿನೈದು ದಿನಕ್ಕೆ ಮೊದಲ ಗೆರೆ ಬಿತ್ತು. ಟ್ರಾಲಿ ಜ್ಯಾಕಿನ ಕಬ್ಬಿಣದ ಗಾಲಿಗೆ ಒಂದು ಹರಳು ಸಿಕ್ಕಿಕೊಂಡಿತ್ತು, ಜತ್ತಿನ ಹುಡುಗ ಎಳೆದ, ಗೆರೆ ಕೊರೆಯಿತು. ಒಣಗಿದ ಮೇಲೆ ಆ ಪದರಿನ ದಪ್ಪ ಅರ್ಧ ಮಿಲಿಮೀಟರೂ ಇಲ್ಲ, ತಡೆಯುವುದಾದರೂ ಎಷ್ಟು? ನಾನು ಸ್ಕೇಲು ತಂದು ಅಳೆದೆ. 11 ಇಂಚು. ಫೋನು ಮಾಡಿ ಕೇಳಿದರೆ ಹಚ್ಚಿದವರು ಸಣ್ಣ ದುರಸ್ತಿಗೂ 1,500 ಅಂದರು. ಮಾಮಾ ಯಾವುದೋ ಅವಸರದಲ್ಲಿದ್ದ. "ಮಾಮಾ, ಹುಡುಗನ ಪಗಾರದಾಗ ಸ್ವಲ್ಪ ಹಿಡಿಯೂಣೇನು?" ಎಂದೆ. "ನೋಡಿ ಮಾಡಪಾ" ಎಂದು ಹೋದ. ನೋಡಿ ಮಾಡು ಎಂದರೆ ನೋಡು ಎಂದೂ ಅರ್ಥ, ಮಾಡು ಎಂದೂ ಅರ್ಥ. ನಾನು ಎರಡನೆಯದನ್ನು ಮಾತ್ರ ತಗೊಂಡೆ. ಆ ಶನಿವಾರ 500 ರೂಪಾಯಿ ಕಡಿದೆ. "ನೆಲ ದುರಸ್ತಿ ಬಾಬ್ತು" ಎಂದು ಚಂದವಾಗಿ ಬರೆದೆ. ಶಾಲೆಯಲ್ಲಿ ನನಗೆ ಶುದ್ಧಬರಹಕ್ಕೆ ಎರಡು ಸಲ ಬಹುಮಾನ ಬಂದಿದೆ. ಅದೇ ಅಕ್ಷರದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಒಂದು ಫಲಕ ಬರೆದು ಗೋಡೆಗೆ ಹೊಡೆದೆ: ನೆಲಕ್ಕೆ ಗೆರೆ ಬಿದ್ದರೆ ಜವಾಬ್ದಾರಿ ನಿಮ್ಮದು.

ಹುಡುಗ ಏನೂ ಅನ್ನಲಿಲ್ಲ. ಹಣ ಎಣಿಸಿಕೊಂಡ, ಮತ್ತೊಮ್ಮೆ ಎಣಿಸಿದ, ಜೇಬಿಗೆ ಹಾಕಿದ. ಮುಂದಿನ ವಾರದಿಂದ ಅವನು ಏನನ್ನೂ ಎಳೆಯುವುದನ್ನೇ ಬಿಟ್ಟ. ಇಪ್ಪತ್ತೈದು ಮೂವತ್ತು ಕಿಲೋದ ಜ್ಯಾಕನ್ನು ಕೂಸಿನ ಹಾಗೆ ಎತ್ತಿಕೊಂಡು ಬರುತ್ತಿದ್ದ. ಎಲ್ಲದರ ಕೆಳಗೂ ಏನಾದರೊಂದು ಹಾಸತೊಡಗಿದ. ಗೋಣಿಚೀಲ, ಹಳೆಯ ಕಾಲೊರಸು, ಸೀಟಿನ ರೆಗ್ಜಿನ್ನು. ಅದನ್ನು ನೋಡಿ ನಾನು, "ಶಾಭಾಸ್, ಹಿಂಗ ಇರಬೇಕು" ಎಂದು ಖುರ್ಚಿಯಲ್ಲಿ ಕೂತೇ ಹೇಳಿದೆ. ಅಷ್ಟೇ ಅಲ್ಲ, ನನ್ನ ಖುರ್ಚಿಗೆ ಹೊಸ ಗಾದಿ ಬಂದಾಗ ಹಳೆಯ ಫೋಮಿನ ತುಂಡನ್ನು ನಾನೇ ಅವನಿಗೆ ಕೊಟ್ಟೆ. "ಇದನ್ನ ಘೋಡಿ ಕೆಳಗ ಹಾಕು. ಮೆತ್ತಗ ಇರ್ತದ" ಎಂದೆ. ಈ ಮಾತು ನಾನೇ ಆಡಿದ್ದು, ಮಿಸ್ತ್ರಿ ಕಾಕಾನದಲ್ಲ, ಮಾಮಾನದಲ್ಲ.

ಮುಂದಿನದು ಜುಲೈ ತಿಂಗಳ ಒಂದು ಸಂಜೆ. ಹೊರಗೆ ಜಿಟಿಜಿಟಿ ಮಳೆ. ಒಂದು ಬಿಳಿಯ ಸಣ್ಣ ಕಾರಿನ ಎಡಗಡೆ ಮುಂದಿನ ಬ್ರೇಕಿನ ಕೆಲಸ. ಹುಡುಗ ಜ್ಯಾಕು ಕೊಟ್ಟು ಎತ್ತಿದ. ಬಾಗಿಲ ಕೆಳಗಿನ ಅಂಚಿಗೆ ಘೋಡಿ ನಿಲ್ಲಿಸಿದ, ಘೋಡಿಯ ಕೆಳಗೆ ನನ್ನ ಖುರ್ಚಿಯ ಫೋಮು, ಅದರ ಕೆಳಗೆ ಮಡಚಿದ ಗೋಣಿಚೀಲ. ಜ್ಯಾಕು ಇಳಿಸಿದಾಗ ಫೋಮು ರೊಟ್ಟಿಯಂತೆ ಚಪ್ಪಟೆಯಾಯಿತು. ನೋಡಲು ಎಲ್ಲ ಸರಿಯಾಗೇ ಇತ್ತು. ಮಿಸ್ತ್ರಿ ಕಾಕಾ ಗಾಲಿ ಬಿಚ್ಚಿ, ಅದನ್ನು ಕಾಲಿನಿಂದ ನೂಕಿ ಕಾರಿನ ಅಂಚಿನ ಕೆಳಗೆ ಮಲಗಿಸಿದರು. ಬಿಚ್ಚಿದ ಗಾಲಿಯನ್ನು ಅವರು ಯಾವಾಗಲೂ ಅಲ್ಲೇ ಇಡುತ್ತಾರೆ. ಅದು ಜಾಗ ಉಳಿಸಲಿಕ್ಕೆ ಎಂದು ನಾನು ಎರಡು ವರ್ಷ ತಿಳಿದಿದ್ದೆ.

ಬ್ರೇಕಿನ ಬೋಲ್ಟು ಬಿಗಿಯಾಗಿತ್ತು. ಕಾಕಾ ಬೇರೆ ಪಾನಾ ತರಲು ಕಪಾಟಿನ ಕಡೆ ತಿರುಗಿದರು. ಹುಡುಗ ಒಳಗೆ ಕೈಹಾಕಿ, ಇದ್ದ ಪಾನಾಕ್ಕೇ ಪೈಪು ಸಿಗಿಸಿ ಜಗ್ಗಿದ. ನಾನು ಬಿಲ್ಲು ಕೂಡಿಸುತ್ತಿದ್ದವನು ತಲೆಯೆತ್ತಿದೆ. ಕಾರು ಒಂದು ಸಲ ಅಲುಗಿತು. ಎರಡನೆಯ ಸಲ ಜಗ್ಗಿದಾಗ ಘೋಡಿ ನಿಧಾನಕ್ಕೆ, ನಿದ್ದೆ ಬಂದವರು ಒರಗುವ ಹಾಗೆ, ಒಂದು ಕಡೆ ವಾಲಿತು. ನನಗೆ ಕೂಗಲು ಬಾಯಿ ಬರಲಿಲ್ಲ. ಕಾಕಾ ಬೆನ್ನ ಹಿಂದಿನ ಸದ್ದಿನಿಂದಲೇ ತಿಳಿದು, "ಕೈ ತಗೀಯೋ!" ಎಂದು ಒದರಿದರು. ಹುಡುಗ ಹಿಂದಕ್ಕೆ ಬಿದ್ದ. ಘೋಡಿ ಚಿಮ್ಮಿ ಅವನ ಮೊಣಕೈಗೆ ಬಡಿದು ಗೋಡೆಯವರೆಗೆ ಜಾರಿತು. ಕಾರು ದಡಕ್ಕನೆ ಕೆಳಗೆ ಬಂದು ಮಲಗಿಸಿದ್ದ ಗಾಲಿಯ ಮೇಲೆ ಕೂತಿತು. ಗಾಲಿ ಅಲ್ಲಿ ಇಲ್ಲದಿದ್ದರೆ ಏನು ಎಂಬುದನ್ನು ನಾನು ಬರೆಯಲಾರೆ. ಅವನ ಕೈ ಇದ್ದದ್ದು ಅಲ್ಲೇ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ಮೊಣಕೈ ಹಿಡಿದುಕೊಂಡು ಎದ್ದವನು ಮೊದಲು ನೋಡಿದ್ದು ನೆಲವನ್ನು. ಘೋಡಿಯ ಕಾಲು ಜಾರುವಾಗ ಬಣ್ಣ ಕಿತ್ತು, ಸಿಮೆಂಟಿನವರೆಗೆ ಕೊರೆದು, ನಾಲ್ಕು ಬೆರಳಗಲ ಅರ್ಧಚಂದ್ರ ಮಾಡಿತ್ತು. ಆಮೇಲೆ ಅವನು ನನ್ನ ಕಡೆ ನೋಡಿದ. "ಅಣ್ಣಾ, ನಾ ಹಾಸಿದ್ದೆರೀ" ಎಂದ.

ಮಾಮಾ ಬಂದ. ಹುಡುಗನಿಗೆ ಬೈಯಲಿಲ್ಲ, ಕೈ ಮಡಚಿಸಿ ಬಿಚ್ಚಿಸಿ ನೋಡಿದ, ಡಾಕ್ಟರ ಹತ್ತಿರ ಕಳಿಸಿದ. ಮೂಳೆಗೇನೂ ಆಗಿರಲಿಲ್ಲ. ಆಮೇಲೆ ಫೋಮಿನ ತುಂಡನ್ನು ಎತ್ತಿ ಹಿಡಿದು, "ಅಳಿಯಾ, ಇದು ನಿನ್ನ ಖುರ್ಚೀದಲ್ಲೇನು?" ಎಂದ. ಹೌದೆಂದೆ. ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೇಳಿದ್ದರೆ ಚಲೋ ಇತ್ತು.

ಮರುದಿನ ಮಿಸ್ತ್ರಿ ಕಾಕಾ ನನ್ನನ್ನು ಖುರ್ಚಿಯಿಂದ ಎಬ್ಬಿಸಿ ನೆಲದ ಮೇಲೆ ಕೂರಿಸಿದರು. "ತಮ್ಮಾ, ನಿಮ್ಮ ಊರಾಗ ಬಂಡಿಗೆ ಕೀಲೆಣ್ಣಿ ಹಾಕೂಮುಂದ ಏನ ಮಾಡ್ತಾರ?" ಎಂದರು. ನನ್ನ ಅಜ್ಜ ಅಚ್ಚಿನ ಕೆಳಗೆ ಕಟ್ಟಿಗೆಯ ಆನಿಕೆ ಕೊಟ್ಟು ಗಾಲಿ ಕಳಚುತ್ತಿದ್ದ. ನಮ್ಮದು ಎರೆಮಣ್ಣು. ಬರಿ ಮಣ್ಣಿನ ಮೇಲೆ ನಿಲ್ಲಿಸಿದರೆ ಕಟ್ಟಿಗೆ ಒಳಗೆ ಇಳಿಯುತ್ತದೆ, ಬಂಡಿ ವಾಲುತ್ತದೆ. ಅದಕ್ಕೆ ಅಜ್ಜ ಮೊದಲು ಒಂದು ಹಾಸುಗಲ್ಲು ಇಡುತ್ತಿದ್ದ. ಆ ಕಲ್ಲು ಹೊತ್ತು ತರುವ ಕೆಲಸ ನನ್ನದೇ. "ನಿಮ್ಮಜ್ಜ ಮಣ್ಣಿನ ಮ್ಯಾಲ ಕಲ್ಲ ಇಟ್ಟ. ನೀ ಕಲ್ಲಿನ ಮ್ಯಾಲ ಮಣ್ಣ ಇಟ್ಟಿ" ಎಂದರು ಕಾಕಾ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನನಗೆ ತಿಳಿಯುವುದು ಆ ಭಾಷೆ ಒಂದೇ. ಸಣ್ಣ ಕಾರಿನ ತೂಕ ಸುಮಾರು 900 ಕಿಲೋ. ಎಂಜಿನು ಮುಂದಿರುವುದರಿಂದ ಮುಂಭಾಗಕ್ಕೆ ನೂರಕ್ಕೆ ಅರವತ್ತು ಪಾಲು ಎಂದು ಹಿಡಿದರೆ 540, ಒಂದು ಬದಿಗೆ 270. ನಮ್ಮ ಘೋಡಿಗೆ ನಾಲ್ಕು ಕಾಲು, ನೆಲಕ್ಕೆ ತಾಗುವುದು ಕಾಲಿನ ಅಂಚು ಮಾತ್ರ. ನಾಲ್ಕೂ ಕೂಡಿಸಿ ಅಳೆದರೆ 8 ಚದರ ಸೆಂಟಿಮೀಟರು. ಅಂದರೆ ಚದರ ಸೆಂಟಿಮೀಟರಿಗೆ 34 ಕಿಲೋ. ಅದೇ ಕಾರು ತನ್ನ ಟೈರಿನ ಮೇಲೆ ನಿಂತಾಗ ನೆಲದ ಮೇಲಿನ ಒತ್ತಡ ಹೆಚ್ಚುಕಡಿಮೆ ಟೈರಿನ ಗಾಳಿಯಷ್ಟೇ, 32 ಪೌಂಡು ಗಾಳಿಗೆ ಸುಮಾರು 2.2 ಕಿಲೋ. ಹದಿನೈದು ಪಟ್ಟು ವ್ಯತ್ಯಾಸ! ಇಷ್ಟು ಭಾರಕ್ಕೂ ಗಟ್ಟಿ ಸಿಮೆಂಟು ಒಡೆಯುವುದಿಲ್ಲ, ಆದರೆ ಮೇಲಿನ ತೆಳುವಾದ ಬಣ್ಣಕ್ಕೆ ಅಷ್ಟು ಸಾಕು. ಒಂದಡಿ ಚೌಕದ ದಪ್ಪ ಪ್ಲೈವುಡ್ ತುಂಡಿನ ಮೇಲೆ ಘೋಡಿ ನಿಲ್ಲಿಸಿದರೆ ಅದೇ 270 ಕಿಲೋ 900 ಚದರ ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ಒಂದಕ್ಕೆ 300 ಗ್ರಾಂ. ಹಲಗೆಯೂ ಸ್ವಲ್ಪ ಬಗ್ಗುವುದರಿಂದ ಎಲ್ಲ ಕಡೆ ಸಮ ಹಂಚುವುದಿಲ್ಲ, ಅದಕ್ಕೇ 18 ಮಿಲಿಮೀಟರಿಗೆ ಕಡಿಮೆ ಬೇಡವೆಂದರು ಕಾಕಾ. ಬೇಕಾದದ್ದು ಗಟ್ಟಿ ಮತ್ತು ಅಗಲ. ಫೋಮು ಭಾರವನ್ನು ಹಂಚುವುದೇ ಇಲ್ಲ. ಸುಮ್ಮನೆ ಕುಸಿಯುತ್ತದೆ, ಅದೂ ಒಂದೊಂದು ಕಾಲಿನ ಕೆಳಗೆ ಒಂದೊಂದು ಥರ.

ಇನ್ನು ಜ್ಯಾಕಿನ ಸಂಗತಿ. ಕಾಕಾ ಖಡು ತಂದು ಜ್ಯಾಕಿನ ಗಾಲಿ ಇದ್ದಲ್ಲಿ ನೆಲಕ್ಕೆ ಗೆರೆ ಎಳೆದರು. "ಈಗ ನೋಡು" ಎಂದು ಹಿಡಿಕೆ ಒತ್ತತೊಡಗಿದರು. ಕಾರು ಮೇಲೇರಿದ ಹಾಗೆ ಜ್ಯಾಕು ತಾನಾಗಿ ಕಾರಿನ ಕೆಳಗೆ ನುಸುಳಿ, ಕೊನೆಗೆ ಗೆರೆಯಿಂದ ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರ ಹೋಗಿತ್ತು. ಜ್ಯಾಕಿನ ತೋಳು ನೆಟ್ಟಗೆ ಏರುವುದಿಲ್ಲ, ಏತದ ಮರದ ಹಾಗೆ ಕಮಾನಿನಲ್ಲಿ ಏರುತ್ತದೆ. ತಲೆ ಹಿಂದೆ ಸರಿದಷ್ಟು ಗಾಲಿ ಮುಂದೆ ಉರುಳಬೇಕು. ಗಾಲಿಯ ಕೆಳಗೆ ಗೋಣಿಯನ್ನೋ ರಬ್ಬರನ್ನೋ ಹಾಸಿದರೆ ಅದು ಹೂತು ನಿಲ್ಲುತ್ತದೆ. ಆಗ ಜ್ಯಾಕಿನ ತಲೆ ಕಾರಿನಿಂದ ಜಾರಬಹುದು, ಇಲ್ಲವೆ ಕಾರನ್ನೇ ಜಗ್ಗಿ ಇನ್ನೊಂದು ಘೋಡಿಯನ್ನು ಓರೆ ಮಾಡಬಹುದು. ಎರಡು ವರ್ಷದಿಂದ ದಿನಾ ಸಂಜೆ ನನ್ನ ಕಣ್ಣಮುಂದೆಯೇ ಜ್ಯಾಕು ಉರುಳುತ್ತಿತ್ತು. ಒಂದು ದಿನವೂ ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ಗೆರೆಗಳನ್ನು.

ಈಗ ವ್ಯವಸ್ಥೆ ಬೇರೆ. ಘೋಡಿಗೆ ಒಂದಡಿ ಚೌಕದ ಆರು ಹಲಗೆ. ಜ್ಯಾಕಿಗೆ ಮೂರಡಿ ಉದ್ದ ಎರಡಡಿ ಅಗಲದ ಒಂದು ಹಲಗೆ, ಮೇಲೆ ಕಬ್ಬಿಣದ ತಗಡು ಬಡಿದದ್ದು, ಗಾಲಿ ಅದರ ಮೇಲೆ ಸಲೀಸಾಗಿ ಉರುಳುವಂತೆ. ಹಲಗೆ ಹಾಕುವ ಮುನ್ನ ನೆಲ ಗುಡಿಸಲೇಬೇಕು, ಇಲ್ಲವಾದರೆ ಕೆಳಗಿನ ಉಸುಕೇ ಗೆರೆ ಕೊರೆಯುತ್ತದೆ. ಹಲಗೆಯ ತಳಕ್ಕೆ ಹಳೆಯ ಟ್ಯೂಬು ಅಂಟಿಸೋಣ ಎಂದೆ. ಕರಿ ರಬ್ಬರು ಬಹಳ ದಿನ ಕೂತರೆ ಬಣ್ಣಕ್ಕೆ ಕಲೆ ಹತ್ತುತ್ತದೆ ಎಂದು ಕಾಕಾ ಬೇಡವೆಂದರು. ಎತ್ತದೆ ಬಿಟ್ಟ ಗಾಲಿಗಳಿಗೆ ಹಿಂದೂ ಮುಂದೂ ಕಟ್ಟಿಗೆಯ ತುಂಡು ಅಡ್ಡ ಕೊಡುವುದು ಮೊದಲೂ ಇತ್ತು, ಈಗ ಮರೆತರೆ ನಾನೇ ಕೂಗುತ್ತೇನೆ. ಆರನೆಯ ಹಲಗೆಗೆ ಪ್ಲೈವುಡ್ ಸಾಲದೆ ಬಂದಾಗ ಕಾಕಾ ಗೋಡೆಯ ಮೇಲಿನ ನನ್ನ ಫಲಕ ಕಿತ್ತು ಕೊಯ್ದರು. ಅದು 18 ಮಿಲಿಮೀಟರಿನದೇ. ಒಟ್ಟು ಖರ್ಚು 2,340 ರೂಪಾಯಿ, ಹತ್ಯಾರಗಳ ಖಾತೆಗೆ ಬರೆದಿದ್ದೇನೆ.

ಇಷ್ಟೆಲ್ಲ ಮಾಡಿದರೂ ನೆಲ ಹೊಸದರಂತೆ ಉಳಿಯುವುದಿಲ್ಲ. ಮುಂಬಯಿ ರಸ್ತೆಯಲ್ಲಿ ಓಡಿ ಬಂದ ಕಾರು ಬಿಸಿ ಟೈರಿನಿಂದ ನಿಂತರೆ ಕೆಳಗಿನ ಬಣ್ಣ ಮೆತ್ತಗಾಗಿ, ಕಾರು ತೆಗೆಯುವಾಗ ಚಕ್ಕೆ ಎದ್ದು ಬರುವುದುಂಟು. ಬ್ರೇಕಿನ ಎಣ್ಣೆ ಚೆಲ್ಲಿ ಒರೆಸದಿದ್ದರೆ ಬಣ್ಣ ತಿನ್ನುತ್ತದೆ. ಬಾಗಿಲ ಬಳಿ ಬಿಸಿಲು ಬೀಳುವಲ್ಲಿ ಹಳದಿಗೆ ತಿರುಗಿದೆ. ನಾನು ಐದು ವರ್ಷ ಹಿಡಿದದ್ದು ಹೆಚ್ಚಾಯಿತೇನೋ.

500 ರೂಪಾಯಿ ವಾಪಸು ಕೊಡಲು ಎಂಟು ದಿನ ತಡ ಮಾಡಿದೆ. ಹಣ ಇರಲಿಲ್ಲವೆಂದಲ್ಲ, ಹೇಗೆ ಕೊಡಬೇಕೆಂದು ತಿಳಿಯಲಿಲ್ಲ. ಹಳೆಯ ನಮೂದು ಹೊಡೆದುಹಾಕಬಾರದು, ಎದುರು ನಮೂದು ಬರೆಯಬೇಕು ಎಂದು ನಮಗೆ ಕಲಿಸಿದ್ದಾರೆ. ಹಾಗೇ ಬರೆದೆ, ಆದ್ದರಿಂದ ಎರಡೂ ಪುಸ್ತಕದಲ್ಲಿ ಉಳಿದಿವೆ. ಶನಿವಾರ ಪಗಾರದ ಜೊತೆ ಕೊಟ್ಟಾಗ ಹುಡುಗ ಎಣಿಸಿದ, ಹೆಚ್ಚು ಬಂತೆಂದು ನನಗೇ ತಿರುಗಿಸಿ ಕೊಡಲು ಬಂದ. ನಿನ್ನದೇ ಎಂದೆ. "ಇನ್ನ ಮುಂದ ಗೆರಿ ಬಿದ್ರ?" ಎಂದು ಕೇಳಿದ. ಬೀಳಲಿ, ಸವಕಳಿಯಲ್ಲಿ ಹೋಗುತ್ತದೆ ಎಂದೆ. ಆ ಶಬ್ದ ಅವನಿಗೆ ತಿಳಿಯಿತೋ ಇಲ್ಲವೋ. ಮೊಣಕೈ ತಿಕ್ಕಿಕೊಳ್ಳುತ್ತ ಹೋದ. ಮಳೆಗಾಲದಲ್ಲಿ ಅದು ಈಗಲೂ ನೋಯುತ್ತದೆ ಎಂದು ಕಾಕಾನ ಮುಂದೆ ಹೇಳಿದನಂತೆ, ನನ್ನ ಮುಂದೆ ಹೇಳಿಲ್ಲ.

ಅರ್ಧಚಂದ್ರಕ್ಕೆ ಇನ್ನೂ ದುರಸ್ತಿ ಆಗಿಲ್ಲ. ಹಚ್ಚಿದವರು ಬರುತ್ತೇವೆ ಎನ್ನುತ್ತಾರೆ, ಬಂದಿಲ್ಲ. ಅದರೊಳಗೆ ಎಣ್ಣೆ ಇಳಿಯದಂತೆ ಹುಡುಗ ದಿನಾ ಸಂಜೆ ಅರಿವೆಯಿಂದ ಒರೆಸುತ್ತಾನೆ. ಅವನು ರಜೆ ಹಾಕಿದ ದಿನ ನಾನು ಒರೆಸುತ್ತೇನೆ.